ಅಲಸಂದಿ ಡಬ್ಬಿಯೊಳಗಿನ ಗೋವಿನಜೋಳ

ಗಿರಣಿ ಅಕ್ಕ ತೀರಿಕೊಂಡಳೆಂದು ಇಚಲಕರಂಜಿಯಿಂದ ಫೋನು ಬಂದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು "ಖರೇನ?" ಎಂಬುದು. ಸತ್ತ ಸುದ್ದಿಗೆ ಯಾರೂ ಹಾಗೆ ಕೇಳಬಾರದು. ಆದರೆ ನನ್ನ ಸ್ವಭಾವವೇ ಹಾಗೆ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವವಳು ನಾನು. ಕಂಡಕ್ಟರು ಸೀಟು ಇದೆ ಎಂದರೂ ಕಿಟಕಿಯಲ್ಲಿ ಇಣುಕಿ ನೋಡಿಯೇ ಬಸ್ಸು ಹತ್ತುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದಕ್ಕೆ ನಗುತ್ತಿದ್ದರು, ಆಮೇಲೆ ಸಿಟ್ಟಾಗುತ್ತಿದ್ದರು, ಈಗ ರೂಢಿ ಮಾಡಿಕೊಂಡಿದ್ದಾರೆ. ಅಕ್ಕನ ವಿಷಯದಲ್ಲಂತೂ ನನ್ನ ಅನುಮಾನಕ್ಕೆ ಕಾರಣಗಳಿದ್ದವು. ಆ ಕಾರಣಗಳು ಸುಳ್ಳೂ ಆಗಿರಲಿಲ್ಲ.

ಹತ್ತು ವರ್ಷದ ಹಿಂದೆ ಇಚಲಕರಂಜಿಯಲ್ಲಿ ನಾವಿದ್ದ ಓಣಿಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ಅವುಗಳ ನಡುವೆ ತಗಡು ಹೊದಿಸಿದ ಒಂದು ಕೋಣೆಯಲ್ಲಿ ಆಕೆಯ ಹಿಟ್ಟಿನ ಗಿರಣಿ. ಹೊರಗೆ ಮಗ್ಗಗಳ ಖಟಖಟ, ಒಳಗೆ ಬೆಲ್ಟಿನ ಗದ್ದಲ. ಇದರ ನಡುವೆ ಮಾತಾಡಿ ಮಾತಾಡಿ ಆಕೆಯ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಕರೆಂಟು ಹೋಗಿ ಇಡೀ ಓಣಿ ಸುಮ್ಮನಾದಾಗಲೂ ಆಕೆ ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು ಕೂತು ಬೆಳ್ಳಗೆ. ವಯಸ್ಸು ಎಷ್ಟೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಅಥಣಿ ಕಡೆಯವರು. ಗಂಡ ಮೊದಲು ಮಗ್ಗ ನಡೆಸುತ್ತಿದ್ದವನು, ಎದೆ ಕೆಟ್ಟು ಕೆಲಸ ಬಿಟ್ಟಿದ್ದ. ಗಿರಣಿಯ ಹಿಂದಿನ ಮೂಲೆಯಲ್ಲಿ ಚೀಲದ ಮೇಲೆ ಕೂತು ಕೆಮ್ಮುತ್ತಿದ್ದ. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು.

ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಆಕೆಗೆ ಅವರ ಡಬ್ಬಿಯಿಂದಲೇ ತಿಳಿಯುತ್ತಿತ್ತು. ವಾರಕ್ಕೊಮ್ಮೆ ಗೋದಿ ತರುವವರು ಎರಡು ಸಲ ತಂದರೆ "ಬೀಗರ ಬಂದಾರೇನ?" ಎನ್ನುವಳು. ಗೋದಿ ನಿಂತು ಬರೀ ಜೋಳ ಬರತೊಡಗಿದರೆ "ಯಾರಿಗೆ ಬಂತವಾ ಸಕ್ಕರಿ ರೋಗ?" ಎಂದು ಕೇಳುವಳು. ಅದೂ ಆ ದನಿಯಲ್ಲಿ. ನಮ್ಮ ಓಣಿಯಲ್ಲಿ ಒಬ್ಬಳು ಬಸುರಿಯಾದ ಸುದ್ದಿ ಅವಳ ಅತ್ತೆಗಿಂತ ಮೊದಲು ಸಾಲಿನಲ್ಲಿ ನಿಂತವರಿಗೆ ತಿಳಿದದ್ದು ಹೀಗೆಯೇ. ಇಷ್ಟೆಲ್ಲ ಗೊತ್ತಿರುವವಳನ್ನು ನಂಬುವುದು ಹೇಗೆ ಎಂದು ನಾನು ಮೊದಲ ದಿನವೇ ಅಂದುಕೊಂಡಿದ್ದೆ.

ಆಕೆಯೂ ಯಾರನ್ನೂ ನಂಬುತ್ತಿರಲಿಲ್ಲ. ಡಬ್ಬಿ ಇಸಿದುಕೊಂಡವಳೇ ಮುಚ್ಚಳ ತೆಗೆದು ಮೂಸುತ್ತಿದ್ದಳು. ನುಸಿ ಹತ್ತಿದ್ದರೆ, ಹಸಿ ಇದ್ದರೆ, ಒಂದು ಕಲ್ಲು ಕಂಡರೆ ಅಲ್ಲಿಯೇ ವಾಪಸು. "ನನ್ನ ಕಲ್ಲ ಕೆಡಸಾಕ ಬಂದೀರೇನ್ರಿ?" ಎಂದು ಜಗಳಕ್ಕೆ ನಿಲ್ಲುವಳು. ಬೀಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ, ತಲೆಯಾಡಿಸಿದ ಮೇಲೆಯೇ ಡಬ್ಬಿ ನಮ್ಮ ಕೈಗೆ ಬರುವುದು. ಒಮ್ಮೆ ನಾನು ಹಿಟ್ಟು ಸಣ್ಣಗೆ ಕಾಣುತ್ತಿದೆಯಲ್ಲ, ಸಾಕು ಎಂದದ್ದಕ್ಕೆ "ಹಿಟ್ಟು ಕಣ್ಣಿಗೆ ಸುಳ್ಳ ಹೇಳತೈತಿ, ಬೆರಳಿಗೆ ಹೇಳೂದಿಲ್ಲ" ಎಂದು ಇನ್ನೊಮ್ಮೆ ಕಲ್ಲಿಗೆ ಸುರಿದಿದ್ದಳು.

ಗಿರಣಿಯ ಸಾಲಿನಲ್ಲಿ ದಿನವೂ ಒಂದು ಜಗಳ ತಪ್ಪದು. ಒಬ್ಬರದು ಬೀಸಿದ ಮೇಲೆ ಕಲ್ಲಿನಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಉಳಿಯುತ್ತದೆ, ಅದು ಮುಂದಿನವರ ಡಬ್ಬಿಗೆ ಹೋಗುತ್ತದೆ. ಜೋಳದ ಹಿಂದೆ ಜೋಳ ಬಂದರೆ ಯಾರೂ ಮಾತಾಡುವುದಿಲ್ಲ. ಗೋವಿನಜೋಳದ ಹಿಂದೆ ಮಾತ್ರ ಯಾರೂ ನಿಲ್ಲಲು ಒಪ್ಪುತ್ತಿರಲಿಲ್ಲ. ಮೆಕ್ಕೆಜೋಳಕ್ಕೆ ಮರಾಠಿಯಲ್ಲಿ ಮಕಾ, ನಮ್ಮಲ್ಲಿ ಗೋವಿನಜೋಳ ಎನ್ನುತ್ತಾರೆ, ಎರಡೂ ಕಡೆ ಅದಕ್ಕೆ ಮರ್ಯಾದೆ ಕಡಿಮೆಯೇ. ಹಾತಕಣಂಗಲೆ ಕಡೆ ಕೋಳಿ ಸಾಕುವವರಿಗೆ ಹೋಗುವ ಮಾಲು ಅದು ಎಂಬುದು ಸಾಲಿನವರ ಅಭಿಪ್ರಾಯ. ಹಿಟ್ಟಿನಲ್ಲಿ ಅದರ ಹಳದಿ ಕಂಡರೆ ರೊಟ್ಟಿ ತಟ್ಟುವ ಮೊದಲೇ ಮುಖ ಸಿಂಡರಿಸುತ್ತಿದ್ದರು. ಯಾರಾದರೂ ಗೋವಿನಜೋಳ ತಂದರೆ ಅಕ್ಕ ಅದನ್ನು ಎಲ್ಲರದೂ ಮುಗಿದ ಮೇಲೆ ಬೀಸುತ್ತಿದ್ದಳು. ಹೆಚ್ಚಾಗಿ ಅದು ಆಕೆಯ ಮನೆಯದೇ ಇರುತ್ತಿತ್ತು. ಅದನ್ನು ನಾನು ಆಗ ಗಮನಿಸಿರಲಿಲ್ಲ.

ಈಗ ನನ್ನ ಮಗಳ ವಿಷಯಕ್ಕೆ ಬರಬೇಕು. ಅವಳು ಹುಟ್ಟುವಾಗಲೇ ಸಣ್ಣ ಕೂಸು. ಏಳು ತಿಂಗಳಾದರೂ ತೂಕ ಏರಲಿಲ್ಲ. ಅಂಗನವಾಡಿಯ ತೂಕದ ಕಾರ್ಡಿನಲ್ಲಿ ಅವಳ ಗೆರೆ ಕೆಳಗೇ ಮಲಗಿತ್ತು. ಎತ್ತಿಕೊಂಡರೆ ಮಡಚಿದ ಸೀರೆಯಷ್ಟೂ ಭಾರವಿಲ್ಲ. ಗಂಡ ಗೋಕುಳ ಶಿರಗಾಂವದ ಫೌಂಡ್ರಿಯಿಂದ ದಣಿದು ಬಂದು ಮೊದಲು ಕೂಸಿನ ಕೈ ಹಿಡಿದು ನೋಡುತ್ತಿದ್ದರು. ಕೂಸು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನಾನು ಹಗಲಿಡೀ ಅವಳ ಉಸಿರು ಎಣಿಸುತ್ತ ಕೂರುತ್ತಿದ್ದೆ.

ನಾನು ಗಡಹಿಂಗ್ಲಜದ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿದವಳು. ಆ ಗತ್ತು ನನಗಿತ್ತು. ಹಳೆಯ ಪುಸ್ತಕ ತೆಗೆದೆ. ಒಂದು ಪುಟದಲ್ಲಿ ಕಾಳು ಮತ್ತು ಧಾನ್ಯಗಳ ಕೋಷ್ಟಕ. ಅಲಸಂದಿಯ ಮುಂದೆ ಬರೆದ ಪ್ರೋಟೀನು ಗೋವಿನಜೋಳದ ಎರಡು ಪಟ್ಟನ್ನೂ ಮೀರಿತ್ತು. ಕಬ್ಬಿಣಾಂಶದಲ್ಲೂ ಕಾಳೇ ಮುಂದೆ. ನನಗೆ ಅಷ್ಟು ಸಾಕಾಯಿತು. ತವರಿಗೆ ಫೋನು ಮಾಡಿದೆ. ಅವ್ವ ನಮ್ಮ ಹೊಲದ ಕೆಂಪು ಅಲಸಂದಿ ತೊಳೆದು, ಒಣಗಿಸಿ, ಹದವಾಗಿ ಹುರಿದು ಬಸ್ಸಿನಲ್ಲಿ ಕಳಿಸಿದಳು. ಡಬ್ಬಿ ತುಂಬಿಕೊಂಡು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗಿರಣಿಗೆ ಹೋದೆ.

ಅಕ್ಕ ಡಬ್ಬಿಗಿಂತ ಮೊದಲು ಕೂಸನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಅದರ ರಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದಳು, ಹಿಟ್ಟು ಹಿಡಿಯುವ ಹಾಗೆಯೇ.

"ಎಷ್ಟ ತಿಂಗಳದ್ದ ಇದು?"

"ಏಳು ಮುಗದಾವ್ರಿ."

"ಡಬ್ಬ್ಯಾಗ ಏನೈತಿ?"

"ಅಲಸಂದಿರಿ. ಕೂಸಿಗೆ ಗಂಜಿ ಮಾಡಾಕ."

"ಬರೇ ಅಲಸಂದಿ?" ಹಿಟ್ಟಿನ ರೆಪ್ಪೆಗಳು ಮೇಲೆದ್ದವು. "ಇಷ್ಟ ಸಣ್ಣ ಹೊಟ್ಟಿಗೆ ಬರೇ ಕಾಳು ಹೆಂಗ ತಡೀತೈತಿ ತಂಗಿ? ಎರಡ ಪಾಲು ಜೋಳರೆ ಮಕಾರೆ ಹಾಕು, ಒಂದ ಪಾಲು ಕಾಳು ಹಾಕು."

"ಮಕಾದಾಗ ಏನ ಇರತೈತ್ರಿ ಅಕ್ಕಾರ? ದನಕ್ಕ ಹಾಕೂದದು. ಪುಸ್ತಕದಾಗ ಬರದಾರ, ಕಾಳಿನಾಗ ಅದರ ಎರಡ ಪಟ್ಟು ಶಕ್ತಿ ಐತಿ."

"ಪುಸ್ತಕ ಬರದಾಂವ ಎಷ್ಟ ಕೂಸ ಸಾಕ್ಯಾನಂತ?"

ಸಾಲಿನವರು ನಕ್ಕರು. ನನ್ನ ಮುಖ ಸುಟ್ಟಿತು. ನನ್ನ ಡಬ್ಬಿ ನಾನು ಹೇಳಿದ ಹಾಗೆ ಬೀಸಿ ಕೊಟ್ಟರೆ ಸಾಕು ಎಂದೆ. ಮುಂದಿನ ವಾರವೂ ಆಕೆ ಅದೇ ಮಾತು ಹೇಳಿದಳು, ನಾನೂ ಅದೇ ಉತ್ತರ ಕೊಟ್ಟೆ. ಆಮೇಲೆ ಆಕೆ ಹೇಳುವುದನ್ನು ಬಿಟ್ಟಳು. ಡಬ್ಬಿ ಇಟ್ಟು ಹೋಗು, ತಾಸು ಬಿಟ್ಟು ಬಾ ಎನ್ನುತ್ತಿದ್ದಳು. ಅದೇನೂ ಹೊಸದಲ್ಲ. ಮನೆಗೆಲಸ ಇದ್ದವರೆಲ್ಲ ಡಬ್ಬಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಇಟ್ಟು ಹೋಗುವುದೇ ರೂಢಿ.

ತಿಂಗಳೊಳಗೆ ಕೂಸು ಚೇತರಿಸಿಕೊಂಡಿತು. ಗಂಜಿಯ ಬಟ್ಟಲು ಕಂಡರೆ ಕೈಕಾಲು ಬಡಿಯತೊಡಗಿತು. ಎರಡನೇ ತಿಂಗಳು ಅಂಗನವಾಡಿಯ ಕಾರ್ಡಿನಲ್ಲಿ ಗೆರೆ ಮೇಲೆದ್ದಿತು. ಗಂಡ ಆ ಕಾರ್ಡನ್ನು ಫೌಂಡ್ರಿಗೆ ಒಯ್ದು ಗೆಳೆಯರಿಗೆ ತೋರಿಸಿ ಬಂದರು. ನಾನು ನನ್ನ ಪುಸ್ತಕವನ್ನು ಹೊಗಳಿಕೊಂಡೆ. ಅಕ್ಕನ ಮುಂದೆ ಹೋಗಿ "ನೋಡ್ರಿ, ಕಾಳಿನ ಶಕ್ತಿ" ಎಂದು ಎರಡು ಸಲ ಅಂದೆ. ಆಕೆ "ಹೌದವಾ" ಎಂದಳು ಅಷ್ಟೆ. ಯಾವತ್ತೂ ಜಗಳಕ್ಕೆ ಬರುವವಳು ಅಷ್ಟು ಸುಲಭಕ್ಕೆ ಹೌದು ಎಂದದ್ದು ನನಗೆ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಅವ್ವ ಗಡಹಿಂಗ್ಲಜದಿಂದ ಕೂಸನ್ನು ನೋಡಲು ಬಂದಳು. ಗಂಜಿ ಕಾಸುತ್ತಿದ್ದಾಗ ಪಾತ್ರೆಯಲ್ಲಿ ಇಣುಕಿ "ಇದೇನ ಹಳದಿ?" ಎಂದಳು.

"ಅಲಸಂದಿ ಹಿಟ್ಟು, ನೀನ ಕಳಸಿದ್ದು."

"ಕೆಂಪ ಅಲಸಂದಿ ಹಳದಿ ಹೆಂಗ ಆಗತೈತಿ? ಬಾಯಾಗ ಹಾಕ್ಕೊಂಡ ನೋಡು, ಗೋವಿನಜೋಳದ ವಾಸನಿ."

ಹಾಕಿಕೊಂಡು ನೋಡಿದೆ. ಹೌದಾಗಿತ್ತು. ಮುಂಚಿನವರ ಹಿಟ್ಟು ಕಲ್ಲಿನಲ್ಲಿ ಉಳಿದಿರಬೇಕು ಎಂದು ಮೊದಲು ಅನಿಸಿತು. ಆದರೆ ಅದು ಒಂದು ಹಿಡಿ ಬೆರೆಯಬಹುದು, ಇಡೀ ಡಬ್ಬಿ ಹಳದಿಯಾಗದು. ಮುಂದಿನ ಸಲ ಡಬ್ಬಿಯನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿ ಒಯ್ದೆ, ಬರುವಾಗ ಮತ್ತೆ ತೂಗಿಸಿದೆ. ತೂಕ ಸರಿಯಾಗಿತ್ತು. ಗಿರಣಿಗೆ ಹೋದ ಕಾಳು ಹಾರಿ, ಚೆಲ್ಲಿ ಒಂದು ಹಿಡಿಯಾದರೂ ಕಡಿಮೆಯಾಗಿ ಬರಬೇಕು. ಅಷ್ಟು ಸರಿಯಾಗಿ ಬಂದದ್ದೇ ನನ್ನ ನಿದ್ದೆಗೆಡಿಸಿತು. ಯಾರೋ ತೂಗಿ ತುಂಬಿದ್ದಾರೆ. ನನ್ನ ಕೂಸಿನ ಬಾಯಿಂದ ಕಾಳು ಕಸಿದು ಕೋಳಿಯ ಕಾಳು ತುಂಬಿದ್ದಾರೆ. ಹಾಗೆ ಅಂದುಕೊಂಡಾಗ ನನಗೆ ಬಂದ ಸಿಟ್ಟು ಅಂಥದು ಇಂಥದಲ್ಲ.

ಮುಂದಿನ ವಾರ ಡಬ್ಬಿ ಇಟ್ಟು, ಹೋಗುವವಳ ಹಾಗೆ ಹೋಗಿ, ಶೆಡ್ಡನ್ನು ಸುತ್ತಿ ಗಿರಣಿಯ ಹಿಂಬಾಗಿಲಿಗೆ ಬಂದು ನಿಂತೆ. ಅಕ್ಕನ ಗಂಡ ನನ್ನನ್ನು ನೋಡಿದ. ಏನೋ ಹೇಳಲು ಹೋಗಿ ಕೆಮ್ಮಿದ. ಅಕ್ಕ ನನ್ನ ಡಬ್ಬಿ ತೆಗೆದಳು. ಮೂರರಲ್ಲಿ ಎರಡು ಪಾಲು ಅಲಸಂದಿಯನ್ನು ಒಂದು ಬಟ್ಟೆಯ ಚೀಲಕ್ಕೆ ಸುರಿದಳು. ತನ್ನ ತಗಡಿನ ಡಬ್ಬಿಯಿಂದ ಹಳದಿ ಗೋವಿನಜೋಳ ತೆಗೆದು ನನ್ನದಕ್ಕೆ ತುಂಬಿದಳು, ತಕ್ಕಡಿಯಲ್ಲಿಟ್ಟು, ಹಾರಿ ಹೋಗುವುದಕ್ಕೆಂದು ಒಂದು ಹಿಡಿ ಹೆಚ್ಚೇ ಹಾಕಿ ತೂಕ ಸರಿ ಮಾಡಿದಳು.

ನಾನು ಒಳಗೆ ನುಗ್ಗಿ ಆ ಚೀಲವನ್ನು ಕಸಿದುಕೊಂಡು ಮುಂದಿನ ಬಾಗಿಲಿಗೆ ಬಂದೆ. ಸಾಲಿನಲ್ಲಿ ಎಂಟು ಹತ್ತು ಹೆಂಗಸರಿದ್ದರು. ಚೀಲ ಎತ್ತಿ ತೋರಿಸಿ ಕನ್ನಡದಲ್ಲಿ ಕೂಗಿದೆ, ಯಾರಿಗೂ ತಪ್ಪಬಾರದೆಂದು ಮರಾಠಿಯಲ್ಲೂ ಕೂಗಿದೆ. "ನನ್ನ ಕೂಸಿನ ಕಾಳು ಕದ್ದ ಮಕಾ ತುಂಬಾಕತ್ತಾಳ! ಎಲ್ಲಾರೂ ನಿಮ್ಮ ನಿಮ್ಮ ಹಿಟ್ಟ ನೋಡ್ಕೋರಿ!"

"ಮಾಝ್ಯಾ ಪಿಠಾತ ಪಣ ಘಾತಲಂ ಅಸೆಲ," ಎಂದಳು ನಾವೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಎದುರು ಮನೆಯ ಮರಾಠಿ ಹೆಂಗಸು, ತನ್ನ ಹಿಟ್ಟಿಗೂ ಹಾಕಿರಬೇಕೆಂದು. ಅಲ್ಲಿಂದ ಸುರುವಾಯಿತು. ಒಬ್ಬಳ ರೊಟ್ಟಿ ಬಿರುಸಾಗಿತ್ತಂತೆ. ಇನ್ನೊಬ್ಬಳ ಹೋಳಿಗೆ ಹರಿದಿತ್ತಂತೆ. ಮತ್ತೊಬ್ಬಳ ಅತ್ತೆಗೆ ಹೋದ ವರ್ಷ ಹೊಟ್ಟೆನೋವು ಬಂದಿತ್ತಂತೆ. ಎಲ್ಲ ಅಕ್ಕನ ತಲೆಗೆ ಬಂತು.

ಅಕ್ಕ ಮೋಟರು ನಿಲ್ಲಿಸಿದಳು. ಹೊರಗೆ ಬಂದು ನನ್ನ ಡಬ್ಬಿ ನನ್ನ ಮುಂದಿಟ್ಟಳು. "ಮುಗೀತೇನ ತಂಗಿ? ತಗೊಂಡ ಹೋಗು" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದೊಂದಾಗಿ ಡಬ್ಬಿಗಳು ಸಾಲಿನಿಂದ ಎದ್ದು ಹೋದವು.

ನಾನು ಇನ್ನೊಂದು ಓಣಿಯ ಗಿರಣಿಯಲ್ಲಿ ನಿಂತು, ಕಣ್ಣೆದುರಿಗೇ ಬೀಸಿಸಿ, ಶುದ್ಧ ಅಲಸಂದಿ ಹಿಟ್ಟು ತಂದೆ. ಈಗ ನೋಡು ಕೂಸು ಹೇಗೆ ತುಂಬಿಕೊಳ್ಳುತ್ತದೆ ಎಂದು ಅವ್ವನಿಗೆ ಹೇಳಿದೆ. ನಾಲ್ಕನೇ ದಿನಕ್ಕೆ ಕೂಸಿನ ಹೊಟ್ಟೆ ಉಬ್ಬಿತು. ಆಮೇಲೆ ಭೇದಿ. ಬಟ್ಟಲು ಕಂಡರೆ ಮುಖ ತಿರುಗಿಸತೊಡಗಿತು. ಹಟ ಹಿಡಿದು ತಿನ್ನಿಸಿದೆ, ಕಕ್ಕಿತು. ಹಲ್ಲು ಬರುತ್ತಿರಬೇಕು, ದೃಷ್ಟಿಯಾಗಿರಬೇಕು ಎಂದು ಏನೇನೋ ಅಂದುಕೊಂಡೆ. ಆ ಚೀಲ ಕಸಿದಾಗ ಆಕೆ ಶಾಪ ಹಾಕಿರಬೇಕು ಎಂದೂ ಅಂದುಕೊಂಡೆ, ಬಿ.ಎಸ್‌ಸಿ. ಆದವಳು. ಮೂರು ವಾರದಲ್ಲಿ ಏರಿದ ಗೆರೆ ಪೂರ್ತಿ ಇಳಿಯಿತು.

ಕೊಲ್ಲಾಪುರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಓಡಿದೆವು. ಆಕೆ ಕೂಸನ್ನು ಮಲಗಿಸಿ ನೋಡಿ, ಏನು ತಿನ್ನಿಸುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ನಾನು ಗರ್ವದಿಂದಲೇ ಹೇಳಿದೆ, ಬರೀ ಕಾಳಿನ ಹಿಟ್ಟು, ಕಲಬೆರಕೆ ಇಲ್ಲದ್ದು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕೂಸಿಗೆ ಬರೀ ಕಾಳು ಜೀರ್ಣವಾಗುವುದಿಲ್ಲ, ಧಾನ್ಯದಲ್ಲಿ ಇಲ್ಲದ್ದು ಕಾಳಿನಲ್ಲಿದೆ, ಕಾಳಿನಲ್ಲಿ ಇಲ್ಲದ್ದು ಧಾನ್ಯದಲ್ಲಿದೆ, ಜೋಳವಾಗಲಿ ಮಕಾ ಆಗಲಿ ಎರಡು ಪಾಲು ಹಾಕಿ ಒಂದು ಪಾಲು ಕಾಳು ಹಾಕಿ ಎಂದರು. ಆಮೇಲೆ ಕಾರ್ಡು ನೋಡಿ, ನಡುವೆ ಎರಡು ತಿಂಗಳು ಚೆನ್ನಾಗಿ ಏರಿದೆಯಲ್ಲ, ಆಗ ಏನು ಕೊಡುತ್ತಿದ್ದಿರಿ ಎಂದು ಕೇಳಿದರು. ಗಂಡ ನನ್ನ ಮುಖ ನೋಡಿದರು.

ಮರುದಿನ ಮಧ್ಯಾಹ್ನ ಗಿರಣಿಗೆ ಹೋದೆ. ಸಾಲು ಇರಲಿಲ್ಲ. ಗುರುತಿನ ಡಬ್ಬಿಗಳಿರುವ ಜಾಗದಲ್ಲಿ ಬೆಕ್ಕು ಮಲಗಿತ್ತು. ಅಕ್ಕ ಸವೆದ ಕಲ್ಲು ಬಿಚ್ಚಿಟ್ಟುಕೊಂಡು, ಅದು ಮತ್ತೆ ಒರಟಾಗಲೆಂದು ಉಳಿಯಿಂದ ಹಲ್ಲು ಹಾಕುತ್ತ ಕೂತಿದ್ದಳು. ಮೂರು ವಾರದಲ್ಲಿ ಹುಬ್ಬುಗಳು ಕಪ್ಪಾಗಿದ್ದವು. ಆಕೆ ನಾನಂದುಕೊಂಡಷ್ಟು ಮುದುಕಿಯಾಗಿರಲಿಲ್ಲ.

"ಕೂಸು ಹೆಂಗೈತಿ?" ಎಂದಳು, ತಲೆ ಎತ್ತದೆ.

"ಇಳೀತ್ರಿ ಅಕ್ಕಾರ." ನನಗೆ ಅಳು ಬಂತು. ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳಿದೆ.

"ಹೇಳಿದ್ನಲ್ಲ ತಂಗಿ. ಎರಡ ಸಲ ಹೇಳಿದ್ನಿ. ನೀ ಕೇಳಲಿಲ್ಲ. ಕೂಸಿನ ರಟ್ಟಿ ಹಿಡದ ನೋಡಿದ್ನಿ, ಸುಮ್ಮ ಇರಾಕ ಆಗಲಿಲ್ಲ. ಹಸಿ ಮಕಾ ಹಾಕಿಲ್ಲ ನೋಡು ಮತ್ತ, ಮನ್ಯಾಗ ಹುರದ, ಸಿಪ್ಪಿ ತಗದ ಹಾಕ್ತಿದ್ನಿ."

ಆಗ ನಾನು ಕಾಲು ಮುಟ್ಟಬೇಕಿತ್ತು. ನನ್ನ ಬಾಯಿ ಬೇರೆಯದನ್ನೇ ಕೇಳಿತು. "ಮತ್ತ ನನ್ನ ಕಾಳ್ರಿ? ಅದನ್ನ ಏನ ಮಾಡಿದ್ರಿ?"

ಉಳಿ ನಿಂತಿತು. ಅಕ್ಕ ಹಿಂದಿನ ಮೂಲೆಯತ್ತ ನೋಡಿದಳು. ಗಂಡ ನಿದ್ದೆ ಹೋಗಿದ್ದ.

"ತಗೊಂಡ್ನಿ. ಸುಳ್ಳ ಯಾಕ ಹೇಳ್ಲಿ. ಇವ್ರ ಎದಿ ಕೆಟ್ಟ ಮ್ಯಾಲಿಂದ ನಮ್ಮ ಮನ್ಯಾಗ ಬರೇ ಮಕಾದ ರೊಟ್ಟಿ. ಹುಡುಗ್ಯಾರ ಬಾಯಿ ಮೂಲಿ ಒಡದಿದ್ದು. ನಿನ್ನ ಮನ್ಯಾಗ ಬರೇ ಕಾಳು, ನನ್ನ ಮನ್ಯಾಗ ಬರೇ ಮಕಾ. ನಿನ್ನ ಡಬ್ಬಿ ನೋಡಿದಾಗೆಲ್ಲ ಅದ ತಲ್ಯಾಗ ಬರತಿತ್ತು. ಮೊದಲ ಸಲ ಕೂಸಿನ ಸಲುವಾಗಿ ತಗದ್ನಿ. ಆಮ್ಯಾಲ ಯಾರ ಸಲುವಾಗಿ ತಗದ್ನೋ ನನಗೂ ಗೊತ್ತಿಲ್ಲ."

ನಾನು ಅಲ್ಲೇ ಹಿಟ್ಟಿನ ನೆಲದ ಮೇಲೆ ಕೂತೆ. ನಾಳೆ ಬೆಳಿಗ್ಗೆ ಓಣಿಯವರನ್ನೆಲ್ಲ ಕರೆದು ನನ್ನದೇ ತಪ್ಪು ಎಂದು ಹೇಳುತ್ತೇನೆ ಎಂದೆ.

"ಏನಂತ ಹೇಳ್ತಿ? ಮಕಾ ಹಾಕಿದ್ದು ಕೂಸಿಗೆ ಚಲೋ ಆಗಲಿ ಅಂತ, ಹೌದಲ್ಲ? ಕಾಳೆಲ್ಲಿ ಹೋತು ಅಂತ ಯಾರರೆ ಕೇಳ್ತಾರ. ಆಗೇನಂತಿ?"

ನಾನು ನೆಲದ ಮೇಲಿನ ಹಿಟ್ಟನ್ನು ಬೆರಳಿನಿಂದ ಸರಿಸತೊಡಗಿದೆ.

"ಈಗ ಮಂದಿಗೆ ಬರೇ ಅನುಮಾನ ಐತಿ. ನೀ ಬಾಯಿ ಬಿಟ್ರ ಖಾತ್ರಿ ಆಗತೈತಿ. ನನ್ನ ಎರಡ ಹುಡುಗ್ಯಾರ ಲಗ್ನ ಆಗಬೇಕು. ಅನುಮಾನದಾಗ ಹೆಂಗರೆ ಬದುಕಬಹುದು ತಂಗಿ. ಸುಮ್ಮಿರು."

ಮತ್ತೆ ಉಳಿ ಎತ್ತಿಕೊಂಡಳು. ಆ ವಾರದಿಂದ ನಾನು ಅಲಸಂದಿ, ಗೋವಿನಜೋಳ ಎರಡನ್ನೂ ಬೇರೆ ಬೇರೆ ತಂದು ಆಕೆಯ ಹತ್ತಿರವೇ ಬೀಸಿಸಿದೆ. ಮಗಳು ಮತ್ತೆ ಏರಿದಳು. ನಾನು ಹೋಗುವುದನ್ನು ಕಂಡು ನಾಲ್ಕಾರು ಮನೆಯವರು ಹಿಂದಿರುಗಿದರು, ಎಲ್ಲರೂ ಬರಲಿಲ್ಲ. ಬಂದವರೂ ಡಬ್ಬಿ ಇಟ್ಟು ಹೋಗುತ್ತಿರಲಿಲ್ಲ, ಮುಗಿಯುವವರೆಗೆ ಕಲ್ಲಿನ ಮುಂದೆಯೇ ನಿಲ್ಲುತ್ತಿದ್ದರು. ಅಕ್ಕನೂ ಯಾರ ಮನೆಯ ಸುದ್ದಿಯನ್ನೂ ಮತ್ತೆ ಎತ್ತಲಿಲ್ಲ. ಒಂದೆರಡು ವರ್ಷದಲ್ಲಿ ನಾವು ಕೊಲ್ಲಾಪುರಕ್ಕೆ ಮನೆ ಬದಲಿಸಿದೆವು. ದಾರಿ ಸಿಕ್ಕಾಗ ಹೋಗಿ ಬರುತ್ತಿದ್ದೆ, ಗಡಹಿಂಗ್ಲಜದ ಕಾಳು ಒಯ್ದು ಕೊಡುತ್ತಿದ್ದೆ. ಇಬ್ಬರೂ ಆ ಮಾತು ತೆಗೆಯಲಿಲ್ಲ.

ಅಕ್ಕನನ್ನು ಮಣ್ಣು ಮಾಡಿದ ಮೂರನೇ ದಿನ ಮಗಳನ್ನು ಕರೆದುಕೊಂಡು ಇಚಲಕರಂಜಿಗೆ ಹೋದೆ. ಅವಳಿಗೀಗ ಹನ್ನೊಂದು, ಶಾಲೆಯ ಕಬಡ್ಡಿ ತಂಡದಲ್ಲಿದ್ದಾಳೆ. ಅಕ್ಕನ ಹಿರಿಯ ಮಗಳು ಗಂಡನ ಮನೆಯಿಂದ ಬಂದಿದ್ದಳು, ಬಂದವರಿಗೆ ನೀರು ಕೊಡುತ್ತಿದ್ದಳು. ಎದುರು ಮನೆಯ ವಹಿನಿ ನನ್ನ ಗುರುತು ಹಿಡಿದು ನನ್ನ ಪಕ್ಕಕ್ಕೆ ಸರಿದು ಬಂದು ಕೂತು, ಓಣಿಯಲ್ಲಿ ಕಲಿತ ಕನ್ನಡದಲ್ಲಿ ಅಂದಳು.

"ಸತ್ತವ್ರ ಬಗ್ಗೆ ಮಾತಾಡಬಾರದು ಖರೆ. ಆದ್ರ ಆವತ್ತ ನೀ ಹಿಡೀಲಿಲ್ಲಂದ್ರ ಓಣಿಗೆಲ್ಲ ಮಕಾ ತಿನ್ನಸ್ತಿದ್ಲು ನೋಡು. ಭಾಳ ಹುಷಾರ ನೀ."

"ಯಾರನ್ನ ಹಿಡದಿದ್ದಿ ಮಮ್ಮಿ?" ಎಂದು ಮಗಳು ಕೇಳಿದಳು.

ಅಕ್ಕನ ಮಗಳು ನೀರಿನ ತಂಬಿಗೆ ಹಿಡಿದು ನನ್ನ ಮುಂದೆಯೇ ನಿಂತಿದ್ದಳು. "ಏನಿಲ್ಲ, ಸುಮ್ಮಿರು" ಎಂದೆ. ವಹಿನಿಯ ಹೊಗಳಿಕೆಗೆ ತಲೆಯನ್ನೂ ಆಡಿಸಿದೆನೋ ಏನೋ. ನೀರು ಕುಡಿದು, ಕೈಮುಗಿದು, ಮಗಳ ಕೈ ಹಿಡಿದು ಹೊರಗೆ ಬಂದೆ. ಆ ಕೈ ಗಟ್ಟಿಯಾಗಿತ್ತು.

ಸುಮ್ಮನಿರು ಎಂದವಳು ಅಕ್ಕನೇ, ಅವಳ ಮಕ್ಕಳಿಗಾಗಿ. ಆ ಮಾತನ್ನು ಇಷ್ಟು ವರ್ಷ ನಡೆಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಆದರೆ ಆ ಮಕ್ಕಳಿಬ್ಬರ ಮದುವೆಯಾಗಿ ಎಷ್ಟು ಕಾಲವಾಯಿತು. ನಾನು ಅವಳ ಮಾನ ಉಳಿಸುತ್ತಿದ್ದೇನೋ, ನನ್ನ ಹುಷಾರಿನ ಹೆಸರು ಉಳಿಸಿಕೊಳ್ಳುತ್ತಿದ್ದೇನೋ ಎಂದು ಬಸ್ಸಿನಲ್ಲಿ ಕೂತಾಗ ಅನುಮಾನ ಬಂತು. ಬೇರೆಯವರ ಮೇಲೆ ಬಂದ ಎಷ್ಟೋ ಅನುಮಾನಗಳನ್ನು ತೂಗಿಸಿ, ಹಿಂಬಾಗಿಲಲ್ಲಿ ನಿಂತು ಪತ್ತೆ ಹಚ್ಚಿದವಳು ನಾನು. ಇದನ್ನು ಮಾತ್ರ ಪತ್ತೆ ಹಚ್ಚಲು ನನಗೆ ಧೈರ್ಯವಾಗುತ್ತಿಲ್ಲ.